ಗಾಳದ ಕೋಲಿನ ರಾಟೆಯೂ ಅದರ ಪೀಠವೂ

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಮೀನುಗಾರನ ಉಪಕರಣಗಳನ್ನು ಹೇಳುವಾಗ ಬಲೆಗೆ ಆನಾಯ, ಜಾಲ ಎಂದೂ, ಹಿಡಿದ ಮೀನನ್ನು ಹಾಕುವ ಬುಟ್ಟಿಗೆ ಮತ್ಸ್ಯಾಧಾನೀ, ಕುವೇಣೀ ಎಂದೂ, ಗಾಳಕ್ಕೆ ಬಡಿಶ, ಮತ್ಸ್ಯವೇಧನ ಎಂದೂ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಬಡಿಶವೆಂಬ ಶಬ್ದವು ಸುಶ್ರುತಸಂಹಿತೆಯಲ್ಲಿ ಶಸ್ತ್ರವೈದ್ಯನ ಕೊಕ್ಕೆಗೂ ಸಂದಿದೆ. ಆದರೆ ಗಾಳದ ಹುರಿಯನ್ನು ಸುತ್ತಿಟ್ಟುಕೊಂಡು, ಬೇಕಾದಾಗ ಬಿಡುವ, ಬೇಕಾದಾಗ ಸೆಳೆದುಕೊಳ್ಳುವ ರಾಟೆಗೆ ಅಲ್ಲಿ ಹೆಸರಿಲ್ಲ. ಹೆಸರಿಲ್ಲವೆಂಬ ಒಂದೇ ಹೇತುವಿನಿಂದ ವಸ್ತುವೂ ಇರಲಿಲ್ಲವೆಂದು ಸಾಧಿಸಲಾಗದು. ಕೋಶಕಾರನು ಲೋಕದ ಸಮಸ್ತ ಪದಾರ್ಥಗಳ ಪಟ್ಟಿಯನ್ನು ಬರೆಯಹೊರಟವನಲ್ಲ. ಆದರೂ ಈ ಮೌನವು ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ಆ ಪ್ರಶ್ನೆಯೇ ಈ ಲೇಖನಕ್ಕೆ ವಿಷಯ.

ಗಾಳದ ವಿನೋದವು ನಮ್ಮ ನಾಡಿಗೆ ಪರದೇಶದಿಂದ ಬಂದುದೆಂದು ಎಣಿಸುವವರು ಒಂದು ಗ್ರಂಥವನ್ನು ಮರೆಯಬಾರದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಮಾನಸೋಲ್ಲಾಸದಲ್ಲಿ ರಾಜನಿಗೆ ತಕ್ಕ ವಿನೋದಗಳ ಪೈಕಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವುಂಟು. ಈ ಗ್ರಂಥದ ಮೊದಲ ಭಾಗವು ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರಿನಿಂದ 1926ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿಯೂ ಇದು ಹೊರಬಂದಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಬರೆದು ವಿದ್ವಾಂಸರ ಗಮನವನ್ನು ಸೆಳೆದರು. ಅದರ ವಿಚಾರಕ್ಕೆ ಪ್ರತ್ಯೇಕವಾದ ಲೇಖನವೇ ಬೇಕು. ಇಲ್ಲಿ ಅದನ್ನು ಸ್ಮರಿಸಿದ್ದು, ಗಾಳದ ಕೋಲನ್ನು ಕುರಿತು ಶ್ರದ್ಧೆಯಿಂದ ಬರೆಯುವುದು ಕನ್ನಡನಾಡಿನಲ್ಲಿ ನಗೆಗೀಡಾಗತಕ್ಕ ಕೆಲಸವಲ್ಲವೆಂದು ತೋರಿಸುವುದಕ್ಕಾಗಿ ಮಾತ್ರ. ಈ ಲೇಖಕನು ಗಾಳ ಹಾಕಿದವನಲ್ಲ, ಮೀನನ್ನು ತಿಂದವನೂ ಅಲ್ಲ. ಧನುರ್ವೇದವನ್ನು ಓದಿದವರೆಲ್ಲರೂ ಬಾಣವನ್ನು ಬಿಟ್ಟವರಲ್ಲವಷ್ಟೆ.

ಪ್ರಶ್ನೆಯೇನೆಂದರೆ: ಚಕ್ರವು ಮನುಷ್ಯನಿಗೆ ಬಹುಪುರಾತನ ಕಾಲದಿಂದ ಪರಿಚಿತವಾದದ್ದು. ಬಾವಿಯಿಂದ ನೀರೆತ್ತುವ ರಾಟೆ, ನೂಲುವ ರಾಟೆ, ಗಾಳಿಪಟದ ದಾರವನ್ನು ಸುತ್ತುವ ರಾಟೆ, ಇವೆಲ್ಲ ನಮ್ಮ ಕಣ್ಣಮುಂದಿನವೇ. ರಾಟೆಯೆಂಬ ಮಾತನ್ನು ಸಂಸ್ಕೃತದ ಅರಘಟ್ಟ ಶಬ್ದದ ಪರಿಣಾಮವೆಂದು ಎಣಿಸುವುದುಂಟು. ದಾರವನ್ನು ಸುತ್ತುವ ಉಪಾಯವು ಇಷ್ಟು ಸುಲಭವಾಗಿ ಎಲ್ಲೆಡೆಯೂ ತಿಳಿದಿರುವಾಗ, ಅದು ಗಾಳದ ಕೋಲನ್ನು ಏರಿ ಕೂರುವುದಕ್ಕೆ ಅಷ್ಟು ತಡವಾದದ್ದೇಕೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರವು ರಾಟೆಯಲ್ಲಿಲ್ಲ; ಅದು ಕೂರುವ ಸ್ಥಳದಲ್ಲಿದೆ. ಕೋಲು ಬಾಗುವ ವಸ್ತು, ರಾಟೆ ಬಾಗದ ವಸ್ತು. ಬಾಗುವುದರ ಮೇಲೆ ಬಾಗದ್ದನ್ನು ಅಲುಗದಂತೆ, ಕೋಲಿನ ಬಲವನ್ನೂ ಕುಂದಿಸದಂತೆ, ಬೇಕೆಂದಾಗ ಬಿಚ್ಚಿ ತೆಗೆಯುವಂತೆ ನಿಲ್ಲಿಸುವುದು ಹೇಗೆ? ಇದನ್ನು ಬಿಡಿಸಿದ ಅವಯವಕ್ಕೆ ಕಸುಬಿನವರು ರೀಲ್ ಸೀಟು ಎನ್ನುತ್ತಾರೆ; ನಾವು ಇದನ್ನು ರಾಟೆಯ ಪೀಠವೆಂದು ಕರೆಯೋಣ. ರಾಟೆಗೆ ಕೆಳಗಡೆ ದೋಣಿಯಾಕಾರದ ಒಂದು ಲೋಹದ ಪಟ್ಟಿಯಿರುತ್ತದೆ, ಇದು ಪಾದ. ಪಾದವು ಪೀಠದಲ್ಲಿ ಕೂರುತ್ತದೆ. ಪೀಠವು ಕೋಲಿನ ಬುಡಕ್ಕೆ ಬೆಸೆದುಕೊಂಡಿರುತ್ತದೆ. ಪೀಠದ ಪ್ರತಿಯೊಂದು ಮಾರ್ಪಾಡಿಗೂ ಕೋಲಿನ ದ್ರವ್ಯದ ಮಾರ್ಪಾಡೇ ಕಾರಣವೆಂಬುದು ನಮ್ಮ ಪ್ರತಿಜ್ಞೆ.

ರಾಟೆಯುಳ್ಳ ಗಾಳಕ್ಕೆ ಪ್ರಾಚೀನ ಸಾಕ್ಷ್ಯವು ಚೀನದೇಶದ್ದು. ಟಾಂಗ್ ಕಾಲದಲ್ಲಿ, ಕ್ರಿ. ಶ. 9ನೆಯ ಶತಮಾನದಲ್ಲಿದ್ದ ಲು ಗುಯಿಮೆಂಗ್ ಎಂಬ ಕವಿಯು ಮೀನು ಹಿಡಿಯುವ ಸಾಧನಗಳ ಮೇಲೆ ಬರೆದ ಪದ್ಯಮಾಲಿಕೆಯಲ್ಲಿ "ಗಾಳದ ಬಂಡಿ" ಎಂಬರ್ಥದ ಹೆಸರುಳ್ಳ ಒಂದು ಪದ್ಯವಿದೆ. ಸಾಂಗ್ ಕಾಲದ ಚಿತ್ರಕಾರನಾದ ಮಾ ಯುವಾನ್ ಸುಮಾರು 1195ರಲ್ಲಿ ಬರೆದನೆನ್ನುವ ಒಂದು ಚಿತ್ರದಲ್ಲಿ ಚಳಿಗಾಲದ ಸರೋವರದ ನಡುವೆ ಪುಟ್ಟ ದೋಣಿಯಲ್ಲಿ ಕುಳಿತವನೊಬ್ಬನ ಕೋಲಿನ ಮೇಲೆ ರಾಟೆಯು ಸ್ಪಷ್ಟವಾಗಿ ಕಾಣುತ್ತದೆ. ಈ ಚಿತ್ರವು ಈಗ ಟೋಕಿಯೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಸೋಮೇಶ್ವರನ ಕಾಲಕ್ಕೂ ಈ ಚಿತ್ರಕ್ಕೂ ಅಂತರವು ಒಂದು ಆಯುಷ್ಯಕ್ಕಿಂತ ಹೆಚ್ಚಿಲ್ಲ.

ಇಂಗ್ಲೆಂಡಿನಲ್ಲಿ ರಾಟೆಯು ಲಿಖಿತ ರೂಪದಲ್ಲಿ ಮೊದಲು ದೊರೆಯುವುದು 1651ರಲ್ಲಿ ಪ್ರಕಟವಾದ ಥಾಮಸ್ ಬಾರ್ಕರನ ಚಿಕ್ಕ ಪುಸ್ತಕದಲ್ಲಿ. ಅವನು ತನ್ನ ಹೆಸರಿನವನೇ ಆದ ಒಬ್ಬ ನಿಪುಣನು ಪೈಕ್ ಎಂಬ ಹಿಂಸ್ರ ಮೀನನ್ನು ಹಿಡಿಯುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ಕೋಲು ಹೇಜಲ್ ಗಿಡದ್ದು, 12 ಅಡಿ ಉದ್ದ. ತುದಿಯಲ್ಲಿ ಹುರಿ ಹಾಯುವುದಕ್ಕೆ ತಂತಿಯ ಉಂಗುರ. ಬುಡದಿಂದ 2 ಅಡಿಯೊಳಗೆ ಕೋಲಿಗೆ ಒಂದು ರಂಧ್ರ. ಆ ರಂಧ್ರದಲ್ಲಿ ಹುರಿಯನ್ನು ಸುತ್ತುವ, ಬಿಡುವ ತಿರುಗಣೆ. ಇಲ್ಲಿ ನಾವು ನೋಡತಕ್ಕದ್ದು ರಂಧ್ರವನ್ನು. ಪೀಠವೆಂಬುದಿನ್ನೂ ಹುಟ್ಟಿಲ್ಲ. ರಾಟೆಯನ್ನು ನಿಲ್ಲಿಸುವುದಕ್ಕೆ ಕೋಲನ್ನೇ ಕೊರೆದಿದ್ದಾರೆ. ಐಸಾಕ್ ವಾಲ್ಟನನ ಪ್ರಸಿದ್ಧ ಗ್ರಂಥದ ಮೊದಲ ಮುದ್ರಣ 1653ರದು; 1655ರ ಎರಡನೆಯ ಮುದ್ರಣದಲ್ಲಿ ಅವನು ಸಾಮನ್ ಮೀನನ್ನು ಹಿಡಿಯುವ ಕೆಲವರು ಕೋಲಿನ ನಡುವೆಯೋ ಕೈಯ ಹತ್ತಿರವೋ ಚಕ್ರವನ್ನು ಇಟ್ಟುಕೊಳ್ಳುವರೆಂದು ಹೇಳಿ, ಅದನ್ನು ಮಾತಿನಿಂದ ವಿಸ್ತರಿಸುವುದಕ್ಕಿಂತ ಒಂದನ್ನು ಕಣ್ಣಾರೆ ನೋಡುವುದೇ ಲೇಸೆಂದು ಸುಮ್ಮನಾಗುತ್ತಾನೆ. ಕೋಲಿನ ನಡುವೆ ಅಥವಾ ಕೈಯ ಬಳಿ ಎಂಬ ವಿಕಲ್ಪವನ್ನು ಗಮನಿಸಬೇಕು. ಸ್ಥಾನವಿನ್ನೂ ನಿಶ್ಚಯವಾಗಿಲ್ಲದ ಕಾಲವಿದು. ಪೀಠವಿಲ್ಲದ ದೇವರಿಗೆ ಗುಡಿಯೂ ನಿಶ್ಚಯವಿರುವುದಿಲ್ಲ.

ಹೇಜಲ್ ಕೋಲಿನ ಒಳಭಾಗವು ಟೊಳ್ಳಲ್ಲ, ಬುಡವು ದಪ್ಪ. ಅದಕ್ಕೆ ರಂಧ್ರವನ್ನು ಕೊರೆದರೂ ಸುತ್ತಲಿನ ಮರವು ಭಾರವನ್ನು ಹೊರುತ್ತದೆ. ಆದುದರಿಂದ ಈ ಪದ್ಧತಿಯು ಒಡನೆ ಅಳಿಯಲಿಲ್ಲ. 18ನೆಯ ಶತಮಾನದ ಹಿತ್ತಾಳೆಯ ರಾಟೆಗಳಲ್ಲಿ ಒಂದು ಬಗೆಯವಕ್ಕೆ ಕೆಳಗೆ ಮೊಳೆಯಂಥ ಕಡ್ಡಿಯುಂಟು. ಅದು ಕೋಲಿನ ಬುಡವನ್ನು ತೂರಿ ಆಚೆಗೆ ಬಂದಮೇಲೆ ರೆಕ್ಕೆಯುಳ್ಳ ತಿರುಪಿನಿಂದ ಬಿಗಿಯುತ್ತಿದ್ದರು. ಇನ್ನೊಂದು ಬಗೆಯವಕ್ಕೆ ಕಡ್ಡಿಯ ಬದಲು ಕೋಲನ್ನು ಅಪ್ಪಿಕೊಳ್ಳುವ ಲೋಹದ ಪಟ್ಟಿ; ಇದು ಕೋಲನ್ನು ಕೊರೆಯುವುದಿಲ್ಲವಾದರೂ ಹಿಸುಕುತ್ತದೆ, ಒಂದೊಂದು ದಪ್ಪದ ಕೋಲಿಗೂ ಬೇರೆ ಪಟ್ಟಿ ಬೇಕಾಗುತ್ತದೆ. ಮೂರನೆಯದೇ ದೋಣಿಯಾಕಾರದ ಪಾದವುಳ್ಳದ್ದು. ಪಾದದ ಎರಡು ತುದಿಗಳನ್ನು ಕೋಲಿನ ಮೇಲೆ ಮಲಗಿಸಿ ಎರಡು ಬಳೆಗಳನ್ನು ಸರಿಸಿ ಬಿಗಿಯುವುದು. ಈ ಮೂರೂ ಕೆಲವು ಕಾಲ ಜೊತೆಯಾಗಿಯೇ ನಡೆದು, 19ನೆಯ ಶತಮಾನದಲ್ಲಿ ಮೂರನೆಯದು ಉಳಿದೆರಡನ್ನೂ ಮೂಲೆಗೆ ತಳ್ಳಿತು. ಇಂದಿನವರೆಗೂ ಲೋಕದ ರಾಟೆಗಳೆಲ್ಲಕ್ಕೂ ಬಹುಮಟ್ಟಿಗೆ ಇದೇ ಪಾದ.

ಏಕೆ ಹಾಗಾಯಿತು? ಪಾದದ ಬಗೆಯು ಅಗ್ಗವೆಂದೂ ಬಿಚ್ಚಲು ಸುಲಭವೆಂದೂ ಹೇಳುವವರಿದ್ದಾರೆ. ಅದು ಸತ್ಯವೇ, ಆದರೆ ಪೂರ್ಣ ಸತ್ಯವಲ್ಲ. ಅದೇ 19ನೆಯ ಶತಮಾನದಲ್ಲಿ ಗಾಳದ ಕೋಲಿಗೆ ಬಿದಿರು ಬಂದಿತು. ಇಡೀ ಬಿದಿರಲ್ಲ, ಸೀಳಿ ಜೋಡಿಸಿದ ಬಿದಿರು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಈಸ್ಟನ್ ಊರಿನಲ್ಲಿ ಕೋವಿ ಮಾಡುವುದನ್ನೂ ಪಿಟೀಲು ಮಾಡುವುದನ್ನೂ ಬಲ್ಲ ಸಾಮ್ಯುಯಲ್ ಫಿಲಿಪ್ ಎಂಬಾತನು 1840ರ ದಶಕದಲ್ಲಿ ಬಿದಿರಿನ ಸೀಳುಗಳನ್ನು ಅಂಟಿಸಿ ಕೋಲನ್ನು ಮಾಡಿದನು. ಅದೇ ಕೋವಿಯ ಕಸುಬಿನಿಂದ ಬಂದ ಹೈರಮ್ ಲಿಯೊನಾರ್ಡನು 1870ರ ದಶಕದಲ್ಲಿ ಆರು ಸೀಳಿನ ಕೋಲನ್ನು ಯಂತ್ರದಿಂದ ಕತ್ತರಿಸಿ ಮಾಡುವುದನ್ನು ನೆಲೆಗೊಳಿಸಿದನು. ಆರೂ ಸೀಳುಗಳು ಅಡ್ಡಗೊಯ್ದರೆ ಸಮತ್ರಿಭುಜಗಳು. ಆರು ತ್ರಿಭುಜಗಳು ಸೇರಿ ಷಟ್ಕೋಣವಾಗುತ್ತದೆ. ಕೋವಿಯವನು, ಪಿಟೀಲಿನವನು ಈ ಕೆಲಸಕ್ಕೆ ಬಂದುದು ಆಕಸ್ಮಿಕವಲ್ಲ. ಮರವನ್ನೂ ಲೋಹವನ್ನೂ ಎಳೆಯಷ್ಟೂ ಸಂದಿಲ್ಲದೆ ಕೂಡಿಸುವುದು ಒಬ್ಬನ ವಿದ್ಯೆ. ತೆಳುವಾದ ಮರವನ್ನು ಅಂಟಿನಿಂದ ನಿಲ್ಲಿಸುವುದು ಇನ್ನೊಬ್ಬನ ವಿದ್ಯೆ.

ಮೊದಲು ಈ ಕೋಲುಗಳಿಗೆ ಹೋಗುತ್ತಿದ್ದುದು ಕಲ್ಕತ್ತೆಯ ಬಿದಿರು. ಇದು ಆ ರೇವಿನಿಂದ ಹಡಗನ್ನೇರುತ್ತಿದ್ದ ಗಂಡುಬಿದಿರೆಂದು ಎಣಿಕೆ. ಮೈಮೇಲೆ ಅಲ್ಲಲ್ಲಿ ಬೆಂಕಿಯಿಂದ ಸುಟ್ಟ ಮಚ್ಚೆಗಳಿರುತ್ತಿದ್ದವು. 20ನೆಯ ಶತಮಾನದ ಆದಿಭಾಗದಲ್ಲಿ ಅದರ ಸ್ಥಾನಕ್ಕೆ ಟಾಂಕಿನ್ ಬಿದಿರು ಬಂದಿತು. ಟಾಂಕಿನ್ ಎಂಬುದು ವಿಯೆಟ್ನಾಮಿನ ಉತ್ತರಭಾಗದ ಹೆಸರು. ಬಿದಿರು ಬೆಳೆಯುವುದಾದರೋ ದಕ್ಷಿಣ ಚೀನದ ಕ್ವಾಂಗ್‌ಟುಂಗ್ ಪ್ರಾಂತದಲ್ಲಿ. 1931ರಲ್ಲಿ ಮೆಕ್ಲೂರ್ ಎಂಬ ಸಸ್ಯಶಾಸ್ತ್ರಜ್ಞನು ಇದಕ್ಕೆ ಅಮಾಬಿಲಿಸ್ ಎಂಬ ಲ್ಯಾಟಿನ್ ವಿಶೇಷಣವನ್ನು ಕೊಟ್ಟನು. ಪ್ರೀತಿಗೆ ಯೋಗ್ಯವಾದದ್ದು ಎಂದರ್ಥ. ಶಾಸ್ತ್ರಜ್ಞರೂ ಒಮ್ಮೊಮ್ಮೆ ಕವಿಗಳಾಗುತ್ತಾರೆ.

ಪ್ರಕೃತಕ್ಕೆ ಬರೋಣ. ಬಿದಿರಿನ ಬಲವೆಲ್ಲವೂ ಅದರ ಹೊರಚರ್ಮದ ಕೆಳಗೆ ಒತ್ತಾಗಿ ಸೇರಿದ ನಾರುಗಳಲ್ಲಿದೆ. ಒಳಕ್ಕೆ ಹೋದಂತೆ ನಾರು ವಿರಳವಾಗಿ ಬೆಂಡು ಹೆಚ್ಚುತ್ತದೆ. ಸೀಳುಬಿದಿರಿನ ಕೋಲು ಈ ನಾರನ್ನೇ ಹೊರಮೈಗೆ ತಂದುಕೊಂಡು ಕಟ್ಟಿದ್ದು. ಅದಕ್ಕೆ ಅಡ್ಡಲಾಗಿ ರಂಧ್ರವನ್ನು ಕೊರೆದರೆ ಆ ನಾರುಗಳೇ ತುಂಡಾಗುವುವು. ಕೊರೆದಲ್ಲಿಂದ ಉದ್ದಕ್ಕೆ ಸೀಳು ಬಿಡುವುದು. ಅಂಟಿನ ಗೆರೆಯೊಳಕ್ಕೆ ನೀರು ಇಳಿಯುವುದು. ಹೇಜಲ್ ಕೋಲು ಸಹಿಸಿದ್ದನ್ನು ಬಿದಿರು ಸಹಿಸದು. ಹೀಗೆ ರಂಧ್ರದ ಪದ್ಧತಿಗೆ ಬಿದಿರು ಮರಣಶಾಸನವನ್ನು ಬರೆಯಿತು. ಹಿಸುಕುವ ಪಟ್ಟಿಯೂ ಅದೇ ಕಾರಣದಿಂದ ಒಲ್ಲದಾಯಿತು. ರಾಟೆಯ ಭಾರವನ್ನು ಕೋಲಿನ ಮೈಗೆ ತಾಗಿಸದೆ ನಡುವೆ ಬೇರೊಂದು ವಸ್ತುವನ್ನು ಇಡಬೇಕಾಯಿತು. ಆ ವಸ್ತುವೇ ಪೀಠ.

ಇಲ್ಲಿ ಒಂದು ಶಂಕೆ ಬರುವುದು. ಚೀನದವರ ಕೋಲೂ ಬಿದಿರಿನದೇ ಅಲ್ಲವೆ? ಅಲ್ಲಿ ಪೀಠವಿಲ್ಲದೆ ರಾಟೆ ನಡೆಯಲಿಲ್ಲವೆ? ಸಮಾಧಾನವೇನೆಂದರೆ, ಇಡೀ ಬಿದಿರಿನ ಗಳುವಿಗೆ ರಾಟೆಯನ್ನು ಹುರಿಯಿಂದ ಬಿಗಿದು ಕಟ್ಟಬಹುದು. ಸಣ್ಣ ಮೀನಿಗೆ ಆ ಕಟ್ಟು ಸಾಲುತ್ತದೆ. ಕಟ್ಟುವುದು ಬೇರೆ, ಕೂರಿಸುವುದು ಬೇರೆ. ತೆಳುವಾದ ಕೋಲು, ಉದ್ದವಾದ ಹುರಿ, ಬಲವಾಗಿ ಓಡುವ ಮೀನು ಈ ಮೂರೂ ಸೇರಿದಲ್ಲಿಯೇ ಕಟ್ಟು ಜಾರುತ್ತದೆ, ರಾಟೆ ಹೊರಳುತ್ತದೆ. ಆದುದರಿಂದ ಚೀನದ ದೃಷ್ಟಾಂತವು ನಮ್ಮ ಪ್ರತಿಜ್ಞೆಗೆ ಬಾಧಕವಲ್ಲ.

ರಾಟೆಯು ಕೋಲಿನ ಮೇಲೆ ಕೂರಬೇಕೆ, ಕೆಳಗೆ ತೂಗಬೇಕೆ ಎಂಬುದೂ ಪೀಠದ ರೂಪವನ್ನು ತಿದ್ದಿದೆ. ಗರಿಯಿಂದ ಕಟ್ಟಿದ ಕೃತಕ ನೊಣವನ್ನು ನೀರಿನ ಮೇಲೆ ಹಾರಿಸುವ ಫ್ಲೈ ರಾಡಿನಲ್ಲಿ ರಾಟೆಯು ಕೈಯ ಹಿಂದೆ, ಬುಡದ ತುದಿಯಲ್ಲಿ, ಕೆಳಮುಖವಾಗಿ ತೂಗುತ್ತದೆ. ಕೋಲಿನ ಉದ್ದಕ್ಕೆ ಅದು ತಕ್ಕಡಿಯ ಎದುರುತೂಕದಂತೆ. ಎರಡು ಕೈಗಳಿಂದ ಹಿಡಿಯುವ ಸಾಮನ್ ಕೋಲಿನಲ್ಲಿ ಅದು ಎರಡು ಕೈಗಳ ನಡುವೆ ಬರುತ್ತದೆ. ಅಮೆರಿಕದ ಕೆಂಟಕಿ ಪ್ರಾಂತದ ಪ್ಯಾರಿಸ್ ಎಂಬ ಊರಿನ ಗಡಿಯಾರದ ಕಸುಬಿನವನಾದ ಜಾರ್ಜ್ ಸ್ನೈಡರನು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಮಾಡಿದ, ಹಿಡಿಯ ಒಂದು ಸುತ್ತಿಗೆ ಒಳಗಿನ ಉರುಳೆಯು ಹಲವು ಸುತ್ತು ಸುತ್ತುವ ರಾಟೆಯಾದರೋ ಕೋಲಿನ ಮೇಲುಗಡೆ ಕೂರುತ್ತದೆ, ಏಕೆಂದರೆ ಹೆಬ್ಬೆರಳು ಉರುಳೆಯ ಮೇಲಿರಬೇಕು. ಮೇಲೆ ಕುಳಿತ ರಾಟೆಯು ಪಕ್ಕಕ್ಕೆ ಹೊರಳುವ ಸ್ವಭಾವದ್ದು. ಆ ಪೀಠಕ್ಕೆ ತೋರುಬೆರಳು ಸಿಕ್ಕಿಸುವ ಕೊಕ್ಕೆಯೊಂದು ಕೆಳಗೆ ಬೆಳೆದುಕೊಂಡಿತು.

ಫ್ಲೈ ರಾಡಿನ ಪೀಠದ ಪರಿಣಾಮಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅತ್ಯಂತ ಸರಳವಾದದ್ದರಲ್ಲಿ ಬುಡದ ತುದಿಗೆ ಒಂದು ತೊಪ್ಪಿಗೆ, ಮೇಲಿನಿಂದ ಸರಿಯುವ ಒಂದು ಬಳೆ. ಪಾದದ ಒಂದು ತುದಿಯನ್ನು ತೊಪ್ಪಿಗೆಯೊಳಗೆ ತೂರಿಸಿ, ಇನ್ನೊಂದರ ಮೇಲೆ ಬಳೆಯನ್ನು ಬಿಗಿಯಾಗಿ ಸರಿಸಿದರೆ ಮುಗಿಯಿತು. ಇದು ಹಗುರ, ನೋಡುವುದಕ್ಕೂ ಚೆಲುವು. ಆದರೆ ಪಾದದ ದಪ್ಪವು ಒಬ್ಬೊಬ್ಬ ಕಸುಬಿನವನದು ಒಂದೊಂದು ಬಗೆ. ಬಳೆಗೆ ಪಾದ ಹೊಂದದಿದ್ದಾಗ ಅರದಿಂದ ಪಾದವನ್ನೇ ತೇಯ್ದುಬಿಡುವ ಚಾಳಿ ಹಿಂದಿನವರಲ್ಲಿತ್ತು. ಹೀಗೆ ತೇಯ್ದ ಹಳೆಯ ರಾಟೆಗಳನ್ನು ಕಂಡು ಇಂದಿನ ಸಂಗ್ರಾಹಕರು ನಿಟ್ಟುಸಿರು ಬಿಡುತ್ತಾರೆ. ಬಳೆಯು ಜಾರದಂತೆ ತಿರುಪು ಬಂದಿತು. ತಿರುಪಿನಲ್ಲಿ ಎರಡು ಸಂಪ್ರದಾಯಗಳು: ನಿಶ್ಚಲವಾದ ತೊಪ್ಪಿಗೆಯು ಬುಡದ ಕೊನೆಯಲ್ಲಿದ್ದು ತಿರುಪು ಹಿಡಿಯ ಕಡೆಯಿಂದ ಕೆಳಕ್ಕೆ ಬಿಗಿಯುವುದೊಂದು, ತೊಪ್ಪಿಗೆಯು ಹಿಡಿಯ ಬೆಂಡಿನೊಳಗೆ ಅಡಗಿದ್ದು ತಿರುಪು ಬುಡದಿಂದ ಮೇಲಕ್ಕೆ ಬಿಗಿಯುವುದಿನ್ನೊಂದು. ಮೊದಲನೆಯದರಲ್ಲಿ ರಾಟೆಯು ಕೋಲಿನ ಕಟ್ಟಕಡೆಗೆ ಹೋಗುತ್ತದೆ. ಎರಡನೆಯದರಲ್ಲಿ ಕೈಗೆ ಹತ್ತಿರವಾಗುತ್ತದೆ, ನೆಲಕ್ಕೂರಿದಾಗ ರಾಟೆಗೆ ಮಣ್ಣು ತಾಗುವುದು ಕಡಿಮೆ.

ಈ ತೊಪ್ಪಿಗೆ, ಬಳೆ, ತಿರುಪುಗಳಿಗೆ ಹಳಬರು ಮೆಚ್ಚಿದ ಲೋಹ ಜರ್ಮನ್ ಸಿಲ್ವರ್. ನಮ್ಮ ಮನೆಗಳ ತಟ್ಟೆ ಬಟ್ಟಲುಗಳಿಂದ ಈ ಹೆಸರು ಎಲ್ಲರಿಗೂ ಪರಿಚಿತ. ತಾಮ್ರ, ಸತು, ನಿಕಲ್ ಕೂಡಿದ ಈ ಮಿಶ್ರಲೋಹದಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ಟಾಂಕಿನಿನದಲ್ಲದ ಟಾಂಕಿನ್ ಬಿದಿರಿಗೆ ಬೆಳ್ಳಿಯಿಲ್ಲದ ಬೆಳ್ಳಿಯ ತೊಪ್ಪಿಗೆ. ಶಬ್ದಪ್ರಮಾಣವನ್ನೇ ನಂಬಿದವನು ಈ ಕಸುಬಿನಲ್ಲಿ ಬಹಳ ಮೋಸಹೋಗುವನು.

ಬಿದಿರಿನ ಆಧಿಪತ್ಯವು 1950ರ ಹೊತ್ತಿಗೆ ಕುಗ್ಗಿತು. ಅಮೆರಿಕವು ಚೀನದೊಡನೆ ವ್ಯಾಪಾರವನ್ನು ನಿಲ್ಲಿಸಿದ್ದರಿಂದ ಟಾಂಕಿನ್ ಬಿದಿರು ದುರ್ಲಭವಾಯಿತು. ಅಷ್ಟರಲ್ಲಿ ಗಾಜಿನ ನಾರಿನ ಕೋಲುಗಳು ಬಂದಿದ್ದವು. 1970ರ ದಶಕದಲ್ಲಿ ಇಂಗಾಲದ ನಾರು ಅದನ್ನೂ ಹಿಂದಕ್ಕೆ ಹಾಕಿತು. ಹೊಸ ಕೋಲುಗಳು ತೆಳುಗೋಡೆಯ ಕೊಳವೆಗಳು. ರಂಧ್ರವನ್ನಾಗಲಿ, ಒಂದೇ ಬಿಂದುವಿನಲ್ಲಿ ಬೀಳುವ ಒತ್ತಡವನ್ನಾಗಲಿ ಇವು ಬಿದಿರಿಗಿಂತಲೂ ಕಡಿಮೆ ಸಹಿಸುವುವು. ಆದುದರಿಂದ ಪೀಠದ ಪ್ರಾಮುಖ್ಯವು ಹೆಚ್ಚಿತೇ ಹೊರತು ತಗ್ಗಲಿಲ್ಲ. ಕಾರ್ಖಾನೆಯ ಕೋಲುಗಳಿಗೆ ಜಪಾನಿನ ಫೂಜಿ ಮೊದಲಾದ ಸಂಸ್ಥೆಗಳ ಅಚ್ಚೊತ್ತಿದ ಪೀಠಗಳು ಸಾಲುವುವು. ಒಂದೊಂದು ಕೋಲನ್ನೂ ಒಬ್ಬೊಬ್ಬನ ಕೈಗೆ ತಕ್ಕಂತೆ ಕಟ್ಟುವವರು ಮಾತ್ರ ಮರದ ಪೀಠವನ್ನು ಇನ್ನೂ ಕೈಯಿಂದಲೇ ಮಾಡುತ್ತಾರೆ.

ಆ ಕೆಲಸದ ಕ್ರಮ ಹೀಗೆ. ಆಕ್ರೋಡು, ಮೇಪಲ್ ಮೊದಲಾದ ಮರದ ತುಂಡನ್ನು, ಅದರಲ್ಲಿಯೂ ಗಂಟು ಸುಳಿಗಳುಳ್ಳದ್ದನ್ನು ಆರಿಸಿ, ನಡುವೆ ಕೊರೆದು, ಲೇತಿನಲ್ಲಿ ಕಡೆಯುತ್ತಾರೆ. ಅನಂತರ ಅದರ ಒಂದು ಮಗ್ಗುಲಿಗೆ ಪಾದವು ಕೂರುವಂತೆ ಉದ್ದಕ್ಕೆ ತೋಡು ಹೊಡೆಯುತ್ತಾರೆ. ಆ ತೋಡಿನ ಆಳವೇ ಕಸುಬಿನ ಮರ್ಮ. ಕಡಿಮೆಯಾದರೆ ಬಳೆಯು ಪಾದದ ಮೇಲೆ ಏರದು. ಹೆಚ್ಚಾದರೆ ರಾಟೆಯು ಒಳಕ್ಕೆ ಇಳಿದು ಗಲಗಲಿಸುತ್ತದೆ. ಕೋಲಿನ ಬುಡವು ಷಟ್ಕೋಣವಾಗಿದ್ದರೆ ಅದನ್ನು ಪೀಠದೊಳಗೆ ಹೋಗುವಷ್ಟು ಮಾತ್ರ ದುಂಡಗೆ ಕಡೆಯುವರು. ಅಲ್ಲಿ ನಾರು ತುಂಡಾದರೂ ಬಾಧಕವಿಲ್ಲ, ಆ ಭಾಗವು ಬಾಗುವುದಿಲ್ಲವಲ್ಲ. ಕೊಳವೆಯ ಕೋಲಾದರೆ ಸಮಸ್ಯೆ ವಿಪರೀತ: ಪೀಠದ ರಂಧ್ರವು ಅಗಲ, ಕೋಲು ಸಪೂರ. ಸಂದನ್ನು ತುಂಬುವುದಕ್ಕೆ ಬೆಂಡಿನ ಬಳೆಗಳನ್ನೋ, ಅಂಟುಕಾಗದದ ಪಟ್ಟಿಯ ಸುತ್ತುಗಳನ್ನೋ ಕೋಲಿನ ಮೇಲೆ ಅಲ್ಲಲ್ಲಿ ಬಿಟ್ಟು ಬಿಟ್ಟು ಹಾಕುತ್ತಾರೆ. ಬಿಟ್ಟ ಜಾಗವೆಲ್ಲ ಅಂಟಿಗೆ. ಬಿಡದೆ ಸುತ್ತಿದರೆ ಅಂಟು ಕೋಲನ್ನು ಮುಟ್ಟದೆ ಕಾಗದವನ್ನಷ್ಟೇ ಹಿಡಿಯುತ್ತದೆ. ವರ್ಷವೊಂದು ಕಳೆಯುವುದರೊಳಗೆ ಪೀಠವು ಕೈಯಲ್ಲಿ ತಿರುಗಲಾರಂಭಿಸುತ್ತದೆ.

ಇದಕ್ಕೂ ಮೊದಲು ಕೋಲಿನ ಬೆನ್ನನ್ನು ಕಂಡುಕೊಳ್ಳಬೇಕು. ಎಷ್ಟೇ ಎಚ್ಚರಿಕೆಯಿಂದ ಮಾಡಿದ ಕೋಲೂ ಎಲ್ಲ ಮಗ್ಗುಲಿಗೂ ಸಮನಾಗಿ ಬಾಗದು. ಒಂದು ಮಗ್ಗುಲು ಬಿರುಸಾಗಿರುತ್ತದೆ. ತುದಿಯನ್ನು ನೆಲಕ್ಕೂರಿ ನಡುವೆ ಒತ್ತಿ ಹೊರಳಿಸಿದರೆ ಅದು ತಾನಾಗಿ ಒಂದು ನೆಲೆಗೆ ಬಂದು ನಿಲ್ಲುತ್ತದೆ. ಆ ಗೆರೆಯನ್ನು ಗುರುತುಮಾಡಿ, ಹುರಿ ಹಾಯುವ ಉಂಗುರಗಳನ್ನೂ ಪೀಠದ ತೋಡನ್ನೂ ಅದಕ್ಕೆ ಅನುಸಾರವಾಗಿ ಒಂದೇ ಸೂತ್ರದಲ್ಲಿ ನಿಲ್ಲಿಸುವರು. ಅಂಟನ್ನು ಹಚ್ಚಿ ಪೀಠವನ್ನು ತಿರುಗಿಸುತ್ತ ಏರಿಸಿದ ಮೇಲೆ ರಾಟೆಯನ್ನು ಬಿಗಿದು, ಬುಡದಿಂದ ತುದಿಯವರೆಗೆ ಒಂದು ಕಣ್ಣು ಮುಚ್ಚಿ ನೋಡಿ ಸರಿಪಡಿಸಬೇಕು. ಅಂಟು ಹಿಡಿಯುವ ಮೊದಲಿನ ಕೆಲವು ನಿಮಿಷಗಳೇ ಇದಕ್ಕೆ ಇರುವ ಅವಕಾಶ. ಬೆಂಗಳೂರಿನಲ್ಲಿ ತಮಗಾಗಿ ಕೋಲನ್ನು ಕಟ್ಟಿಕೊಳ್ಳುವ ಪರಿಚಿತರೊಬ್ಬರು ಈ ಕೆಲಸವನ್ನು ಮಾಡುವಾಗ ನೋಡುವ ಅವಕಾಶ ನಮಗೆ ದೊರೆತಿತ್ತು. ಆ ಹೊತ್ತಿನಲ್ಲಿ ಅವರೊಡನೆ ಮಾತನಾಡಬಾರದೆಂಬ ಕಟ್ಟಳೆ ಅವರ ಮನೆಯಲ್ಲಿದೆ. ಒಂದು ಅಹೋರಾತ್ರ ಕಳೆದಮೇಲೆ ಮರಕ್ಕೆ ಎಣ್ಣೆಯನ್ನೋ ವಾರ್ನಿಷನ್ನೋ ಪದರಪದರವಾಗಿ ಕೊಟ್ಟು, ನಡುನಡುವೆ ಉಜ್ಜಿ ಮುಗಿಸುವರು. ತೋಡಿನ ಒಳಗೂ ತುದಿಗಳ ಅಡ್ಡಗೊಯ್ದ ಮೈಗೂ ವಾರ್ನಿಷು ತಲಪಬೇಕು. ಮರವು ನೀರನ್ನು ಕುಡಿಯುವುದು ಅಲ್ಲಿಂದಲೇ.

ಬೆಸೆಯುವ ದ್ರವ್ಯವನ್ನು ಕುರಿತು ಎರಡು ಮಾತು. ಹಿಂದೆ ಕೋಲುಗಳ ಲೋಹದ ಭಾಗಗಳನ್ನು ಕೂಡಿಸಲು ಅರಗು, ರಾಳ ಮೊದಲಾದವುಗಳನ್ನು ಕಾಯಿಸಿ ಹಚ್ಚುತ್ತಿದ್ದರು. ಮೇಲೆ ಅದೇ ಲೋಹದ ಸಣ್ಣ ಮೊಳೆಯೊಂದನ್ನು ಹೊಡೆಯುವುದೂ ಇತ್ತು. ಅರಗು ನಮ್ಮ ದೇಶದ ಸರಕು. ಚನ್ನಪಟ್ಟಣದ ಕಡಸಲಿನವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣವೇರಿಸುವ ವಿದ್ಯೆಗೂ, ಇಂಗ್ಲೆಂಡು ಅಮೆರಿಕಗಳ ಕೋಲಿನವರು ಅದೇ ಅರಗನ್ನು ಕಾಯಿಸಿ ಕೂಡಿಸುತ್ತಿದ್ದುದಕ್ಕೂ ಮೂಲದ್ರವ್ಯವೊಂದೇ. ಈ ಬೆಸುಗೆಯ ಗುಣವೇನೆಂದರೆ, ಮತ್ತೆ ಕಾಯಿಸಿದರೆ ಬಿಡುತ್ತದೆ. ದೇವಾಲಯಗಳಲ್ಲಿ ಬಿಂಬವನ್ನು ಪೀಠದಲ್ಲಿ ನಿಲ್ಲಿಸುವ ಅಷ್ಟಬಂಧವನ್ನು ನೆನೆಯಬೇಕು. ದಕ್ಷಿಣ ಕನ್ನಡದ ಕಡೆ ಹನ್ನೆರಡು ವರ್ಷಕ್ಕೊಮ್ಮೆ ಅಷ್ಟಬಂಧವನ್ನು ಹೊಸದು ಮಾಡಿ ಬ್ರಹ್ಮಕಲಶವನ್ನು ನಡೆಸುವ ವಾಡಿಕೆಯುಂಟಷ್ಟೆ. ಬಂಧವು ಸವೆಯುವುದು ಸಹಜ, ಸವೆದಾಗ ಬಿಂಬಕ್ಕೂ ಪೀಠಕ್ಕೂ ಅಪಾಯವಿಲ್ಲದೆ ಮತ್ತೆ ಮಾಡಬೇಕು ಎಂಬುದು ಅಲ್ಲಿನ ತಾತ್ಪರ್ಯ. ಇಂದಿನ ಎಪಾಕ್ಸಿ ಎಂಬ ಎರಡು ದ್ರವಗಳ ಅಂಟು ಅರಗಿಗಿಂತ ಬಹಳ ಬಲವಾದದ್ದು, ನೀರಿಗೆ ಜಗ್ಗದು; ಆದರೆ ಅದರಿಂದ ಬೆಸೆದ ಪೀಠವನ್ನು ತೆಗೆಯಬೇಕಾದರೆ ಬಹುಮಟ್ಟಿಗೆ ಕತ್ತರಿಸಿಯೇ ತೆಗೆಯಬೇಕು. ಹಳೆಯ ಸೀಳುಬಿದಿರಿನ ಕೋಲನ್ನು ದುರಸ್ತು ಮಾಡುವವರು ಅದರಲ್ಲಿ ಎಪಾಕ್ಸಿಯನ್ನು ಬಳಸಬಾರದೆಂಬುದು ನಮ್ಮ ನಿಲುವು. ಬಲವು ಸಾಲದೆ ಬಂದರೆ ಮುಂದಿನವನು ಮತ್ತೆ ಬಿಗಿಯಬಹುದು. ಕತ್ತರಿಸಿ ಹೋದದ್ದನ್ನು ಯಾರೂ ತರಲಾರರು.

ಇದು ಕೇವಲ ದುರಸ್ತಿನ ಪ್ರಶ್ನೆಯಲ್ಲ, ಚರಿತ್ರೆಯ ಪ್ರಶ್ನೆ. ಕೋಲಿನ ಅವಯವಗಳಲ್ಲಿ ಹೆಚ್ಚಾಗಿ ಬದಲಾಗತಕ್ಕದ್ದು ಪೀಠ. ಹಾಗಿದ್ದೂ ಮಾಡಿದವನ ಹೆಸರನ್ನು ಕೊರೆಯುತ್ತಿದ್ದುದು ಪೀಠದ ಲೋಹದ ಮೇಲೆ ಅಥವಾ ಬುಡದ ತೊಪ್ಪಿಗೆಯ ಮೇಲೆ. ಒಂದು ಕೋಲಿನ ಪೀಠವು ಇನ್ನೊಂದಕ್ಕೆ ಹೋದರೆ ಕರ್ತೃತ್ವವೂ ಅದರೊಡನೆ ಹೋಗುತ್ತದೆ. ಸಾಲದುದಕ್ಕೆ, ಒಬ್ಬನು ಮಾಡಿದ ಕೋಲಿಗೆ ಮಾರುವ ಅಂಗಡಿಯವನು ತನ್ನ ಹೆಸರನ್ನು ಹಾಕಿಸುವುದೂ ವ್ಯಾಪಾರದ ರೂಢಿಯಾಗಿತ್ತು. ಓಲೆಯ ಕಟ್ಟುಗಳೊಡನೆ ಕಾಲಕಳೆದವರಿಗೆ ಈ ಸಂಕಟ ಹೊಸದಲ್ಲ. ಗ್ರಂಥದ ಕೊನೆಯ ಓಲೆಯಲ್ಲಿ ಹೆಸರು, ಕಾಲಗಳಿರುತ್ತವೆ. ಮೊದಲು ಹರಿದುಹೋಗುವುದೂ, ಬೇರೆ ಕಟ್ಟಿನಿಂದ ಬಂದು ಸೇರುವುದೂ ಆ ಓಲೆಯೇ. ಆಗ ನಾವು ಪುಷ್ಪಿಕೆಯನ್ನು ನಂಬದೆ ಲಿಪಿಯನ್ನು, ಓಲೆಯ ಅಳತೆಯನ್ನು, ರಂಧ್ರಗಳ ಸ್ಥಾನವನ್ನು ನೋಡುತ್ತೇವೆ. ಕೋಲಿನಲ್ಲಿಯೂ ಅಷ್ಟೆ. ಪೀಠದ ಮೇಲಿನ ಹೆಸರಿಗಿಂತ ಪೀಠದ ಅಡಿಯಲ್ಲಿ ಬುಡವನ್ನು ಹೇಗೆ ಕಡೆದಿದ್ದಾರೆ, ಮೊಳೆಯ ರಂಧ್ರವು ಲೋಹದಲ್ಲಿಯೂ ಮರದಲ್ಲಿಯೂ ಒಂದೇ ಜಾಗದಲ್ಲಿದೆಯೇ, ಅಂಟು ಅರಗೇ ಎಪಾಕ್ಸಿಯೇ, ಬುಡದಲ್ಲಿ ಹಿಂದೆ ಕೊರೆದು ಆಮೇಲೆ ಬೆಣೆಯಿಂದ ಮುಚ್ಚಿದ ತೂತುಂಟೇ ಎಂಬಿವು ಹೆಚ್ಚಿನ ಪ್ರಮಾಣ. ಬೆಣೆಯಿಟ್ಟ ತೂತೊಂದು ಸಿಕ್ಕಿದರೆ ಆ ಬುಡವು ಮೊಳೆಯ ರಾಟೆಯ ಕಾಲದ್ದೆಂದೂ, ಈಗಿನ ಪೀಠವು ಆಗಂತುಕವೆಂದೂ ತರ್ಕಿಸಬಹುದು.

ಈ ವಿಷಯಕ್ಕೂ ಕನ್ನಡನಾಡಿಗೂ ಇರುವ ನಂಟು ದೂರದ್ದಲ್ಲ. ಭಾರತದ ಗಾಳವನ್ನು ಕುರಿತ ಇಂಗ್ಲಿಷ್ ಗ್ರಂಥಗಳಲ್ಲಿ ಅತ್ಯಂತ ಪ್ರಸಿದ್ಧವಾದ "ದಿ ರಾಡ್ ಇನ್ ಇಂಡಿಯಾ" 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅದರ ಕರ್ತೃ ಹೆನ್ರಿ ಸಲಿವನ್ ಥಾಮಸ್ ಮದರಾಸು ಸಿವಿಲ್ ಸರ್ವೀಸಿನವನು. 1870ರಲ್ಲಿಯೇ ದಕ್ಷಿಣ ಕನ್ನಡದ ಮೀನುಸಾಕಣೆಯನ್ನು ಕುರಿತು ವರದಿ ಬರೆದವನು. ಅಚ್ಚುಹಾಕಿದ್ದು ಬಾಸೆಲ್ ಮಿಶನ್ನಿನವರು. 1843ರಲ್ಲಿ ಮಂಗಳೂರು ಸಮಾಚಾರವೂ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟೂ ಹೊರಬಂದದ್ದು ಅವರ ಕಾರ್ಯದಿಂದಲೇ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ಜ್ಞಾಪಿಸಬೇಕಾಗಿಲ್ಲ. ಥಾಮಸನ ಪುಸ್ತಕದ ನಾಯಕನೆಂದರೆ ಮಹಶೀರ್, ಕಾವೇರಿ ತೀರದವರ ಬಿಳಿಮೀನು. ಬಂಡೆಗಳ ನಡುವಿನ ಹೊಳೆಯಲ್ಲಿ ಇದು ಕೊಕ್ಕೆಯನ್ನು ಕಚ್ಚಿ ಓಡಿದರೆ ಹುರಿಯನ್ನು ನೂರಾರು ಅಡಿ ಬಿಡಬೇಕಾಗುವುದು. ರಾಟೆಯಿಲ್ಲದ ಗಾಳಕ್ಕೆ ಇದು ಸಾಧ್ಯವಿಲ್ಲ, ಸಡಿಲವಾದ ಪೀಠಕ್ಕೂ ಸಾಧ್ಯವಿಲ್ಲ. 1946ರಲ್ಲಿ ಕಬಿನಿಯಲ್ಲಿ, ಪ್ರಾಣಿಗಳ ಚರ್ಮವನ್ನು ಹದಮಾಡಿ ತುಂಬುವ ವಿದ್ಯೆಗೆ ಹೆಸರಾಗಿದ್ದ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡು ತೂಗಿತು. ಅಂಥ ಮೀನು ಇಂದು ಕಥೆಯಾಗುತ್ತಿದೆ. ಕಾವೇರಿಯ ಗೂನುಬೆನ್ನಿನ ಮಹಶೀರಿಗೆ ಶಾಸ್ತ್ರೀಯವಾದ ಹೆಸರು ನಿಶ್ಚಯವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು.

ಕೊಡಗಿನಲ್ಲಿ, ಚಿಕ್ಕಮಗಳೂರು ಸಕಲೇಶಪುರಗಳ ಕಾಫಿ ತೋಟದ ಮನೆಗಳಲ್ಲಿ, ಮೈಸೂರಿನ ಹಳೆಯ ಬಂಗಲೆಗಳಲ್ಲಿ ಸೀಳುಬಿದಿರಿನ ಕೋಲುಗಳು ಅಟ್ಟದ ಮೇಲೆ ಇದ್ದರೆ ಆಶ್ಚರ್ಯವಿಲ್ಲ. ಅಂಥವು ಯಾರ ಬಳಿಯಾದರೂ ಇದ್ದರೆ ದಯಮಾಡಿ ಅವುಗಳನ್ನು ಬಿಚ್ಚದೆ, ಹೊಸ ವಾರ್ನಿಷು ಹಚ್ಚದೆ, ಈ ಕೆಳಗಿನಷ್ಟನ್ನು ಬರೆದು ಪತ್ರಿಕೆಗೆ ತಿಳಿಸಬೇಕೆಂದು ಪ್ರಾರ್ಥನೆ: ಕೋಲಿನ ಉದ್ದ, ತುಂಡುಗಳ ಸಂಖ್ಯೆ, ಬಿದಿರಿನ ಮೈಮೇಲೆ ಸುಟ್ಟ ಮಚ್ಚೆಗಳುಂಟೇ ಇಲ್ಲವೇ, ಪೀಠದ ಒಳಗಿನ ತೋಡಿನ ಉದ್ದ ಅಗಲ, ತೊಪ್ಪಿಗೆ ಬಳೆಯದೋ ತಿರುಪಿನದೋ, ಕೊರೆದ ಅಕ್ಷರಗಳಿದ್ದರೆ ಇದ್ದಂತೆಯೇ ಅವುಗಳ ಪ್ರತಿ, ಪೀಠದ ಮೇಲೋ ಬುಡದಲ್ಲೋ ಬೆಣೆಯಿಟ್ಟ ತೂತು ಕಂಡರೆ, ಬುಡದ ತುದಿಯಿಂದ ಅದಕ್ಕೆ ಎಷ್ಟು ಅಂಗುಲ ದೂರ.